ಅಂಜಬೇಕಾದವರು ಯಾರು

ಚಂದಕವಾಡಿ ಚಾಮರಾಜನಗರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಈ ಸೀಮೆಯಲ್ಲಿ ಕ್ರೈಸ್ತರು ಕಡಿಮೆ, ಆದರೆ ಹೊಸಬರಲ್ಲ. ಹದಿನೇಳನೆಯ ಶತಮಾನದ ನಡುಭಾಗದಲ್ಲೇ ಇಟಲಿಯ ಜೆಸ್ವಿಟ್ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಮೈಸೂರು ಸೀಮೆಯ ಮಿಷನ್ ಶುರುಮಾಡಿದ್ದರು. ಇಂದು ಚಾಮರಾಜನಗರ ಜಿಲ್ಲೆಯ ಕಥೋಲಿಕರು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದವರು. ಊರಿನ ಮಳೆ, ಊರಿನ ಸಾಲ, ಊರಿನ ಅಂಜಿಕೆ ಎಲ್ಲದರಲ್ಲೂ ಅಕ್ಕಪಕ್ಕದವರ ಜೊತೆ ಪಾಲುದಾರರು.

ಇಲ್ಲಿ ಮಾತಾಡುವ ಇಬ್ಬರು ಆ ಊರಿನವರೆಂದು ಇಟ್ಟುಕೊಳ್ಳೋಣ. ಒಬ್ಬರು ನಿವೃತ್ತ ಮೇಷ್ಟ್ರು, ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವರು. ಇನ್ನೊಬ್ಬಳು ಅವರ ತಂಗಿಯ ಮೊಮ್ಮಗಳು, ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್, ರಜೆಗೆ ಬಂದವಳು. ತಪಸ್ಸುಕಾಲ, ಅರಿಶಿನ ಬೇಯಿಸಿ ಕಣದಲ್ಲಿ ಹರಡುವ ದಿನಗಳು. ದೇವರಿಗೆ ಹೆದರಬೇಕೇ ಎಂಬ ಪ್ರಶ್ನೆಗೆ ಒಬ್ಬರ ಬಾಯಲ್ಲಿ ಉತ್ತರ ಹೇಳಿಸುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಇಬ್ಬರು.

ನರ್ಸ್: ತಾತ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬೇಡ. ದೇವರು ನಮ್ಮ ತಂದೆ ಅಂತ ದಿನಾ ಜಪ ಹೇಳ್ತೀವಿ. ಅದೇ ಬಾಯಲ್ಲಿ ದೇವರಿಗೆ ಹೆದರಬೇಕು ಅಂತೀವಿ. ಅಪ್ಪನಿಗೆ ಹೆದರಿ ಬೆಳೆದ ಮಕ್ಕಳನ್ನ ನಾನು ವಾರ್ಡಿನಲ್ಲಿ ನೋಡಿದ್ದೀನಿ. ಎಲ್ಲಿ ನೋವು ಅಂತ ಕೇಳಿದ್ರೆ ಅಪ್ಪನ ಮುಖ ನೋಡಿ ಬಾಯಿ ಮುಚ್ಕತಾವೆ. ದೇವರ ಮುಂದೆ ನಾವು ಹಂಗೇ ಆಗಬೇಕಾ?

ಮೇಷ್ಟ್ರು: ಹಂಗಾಗಬೇಕು ಅಂತ ಯಾರೂ ಹೇಳಿಲ್ಲ ಕಣವ್ವ. ದೃಢೀಕರಣಕ್ಕೆ ಮುಂಚೆ ಪವಿತ್ರಾತ್ಮರ ಏಳು ವರಗಳನ್ನ ನೀನೂ ಬಾಯಿಪಾಠ ಮಾಡಿದ್ದೆ. ಏಳನೆಯದು ದೈವಭಯ. ಅದನ್ನ ವರಗಳ ಸಾಲಲ್ಲಿ ಯಾಕಿಟ್ಟರು ಯೋಚನೆ ಮಾಡು. ಯೆಶಾಯ ಪ್ರವಾದಿ ಬರಲಿರುವ ಅರಸನ ಬಗ್ಗೆ ಹೇಳುವಾಗ, ಅವನಿಗೆ ದೈವಭಯದಲ್ಲೇ ಸಂತೋಷ ಇರುತ್ತೆ ಅಂತಾನೆ. ಆ ಅರಸ ಯೇಸುವೇ ಅಂತ ನಾವು ನಂಬ್ತೀವಿ. ಯೇಸು ತನ್ನ ತಂದೆಯನ್ನ ಕಂಡು ಬಾಯಿ ಮುಚ್ಚಿಕೊಂಡನೇ? ಇಲ್ಲವಲ್ಲ. ಗೆತ್ಸೆಮನೆ ತೋಟದಲ್ಲಿ ಈ ಕಷ್ಟ ನನ್ನಿಂದ ತೆಗೆದುಬಿಡು ಅಂತ ನೇರವಾಗೇ ಕೇಳಿದ. ಆಮೇಲೆ ನಿನ್ನ ಇಷ್ಟದಂತೆ ಆಗಲಿ ಅಂದ. ಆ ಎರಡೂ ಮಾತು ಒಂದೇ ಬಾಯಿಂದ ಬಂದಾವಲ್ಲ, ಅದನ್ನೇ ನಾನು ದೈವಭಯ ಅನ್ನೋದು.

ನರ್ಸ್: ನೀನು ಹೇಳೋವಾಗ ಚೆನ್ನಾಗೇ ಇರುತ್ತೆ. ಆದರೆ ನನಗೆ ಚಿಕ್ಕಂದಿನಲ್ಲಿ ಮುಟ್ಟಿದ್ದು ಯೆಶಾಯ ಅಲ್ಲ; ಅನನೀಯ, ಸಫೈರ. ಹೊಲ ಮಾರಿ ಬಂದ ಹಣದಲ್ಲಿ ಸ್ವಲ್ಪ ಬಚ್ಚಿಟ್ಟು, ಎಲ್ಲ ಕೊಟ್ಟೆವು ಅಂತ ಸುಳ್ಳು ಹೇಳಿದ ಗಂಡ ಹೆಂಡತಿ. ಪೇತ್ರನ ಕಾಲ ಬುಡದಲ್ಲಿ ಸತ್ತು ಬಿದ್ದರು. ಕಾಣಿಕೆ ಡಬ್ಬಿಗೆ ಹಾಕು ಅಂತ ಅವ್ವ ಕೊಟ್ಟ ದುಡ್ಡಲ್ಲಿ ನಾನು ಪೆಪ್ಪರ್‌ಮೆಂಟು ತಿಂದಿದ್ದೆ. ಎಷ್ಟೋ ರಾತ್ರಿ ಉಸಿರು ನಿಂತೋಗುತ್ತೆ ಅಂತ ಎದೆ ಮೇಲೆ ಕೈ ಇಟ್ಕಂಡೇ ಮಲಗ್ತಿದ್ದೆ. ಆ ಭಯ ನನಗೆ ಯಾವ ಜ್ಞಾನ ಕೊಡ್ತು?

ಮೇಷ್ಟ್ರು: ಕೂಸೇ, ಆ ಕತೆ ಪೆಪ್ಪರ್‌ಮೆಂಟಿನ ಕತೆಯಲ್ಲ. ಅಪೊಸ್ತಲರ ಕಾರ್ಯಕಲಾಪಗಳ ಐದನೆಯ ಅಧ್ಯಾಯ ಇನ್ನೊಂದು ಸಲ ಓದು. ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೆ ಹಣವೂ ನಿನ್ನದೇ ಆಗಿತ್ತು ಅನ್ನೋ ಅರ್ಥದಲ್ಲೇ ಪೇತ್ರ ಅವನನ್ನ ಕೇಳ್ತಾನೆ. ಕೊಡಲೇಬೇಕು ಅಂತ ಯಾರೂ ಬಲವಂತ ಮಾಡಿರಲಿಲ್ಲ. ಪೂರಾ ಕೊಡದೇ ಪೂರಾ ಕೊಟ್ಟವನು ಅನ್ನೋ ಹೆಸರು ಬೇಕಾಗಿತ್ತು ಅವನಿಗೆ. ಅದು ಆಸ್ತಿ ಇದ್ದವನ, ಸಭೆಯಲ್ಲಿ ಮೊದಲ ಸಾಲು ಬಯಸಿದವನ ಕತೆ.

ನರ್ಸ್: ಹಂಗಿದ್ರೆ ಅದನ್ನ ಎಂಟು ವರ್ಷದ ಮಕ್ಕಳಿಗೆ ಯಾಕೆ ಹೇಳ್ತೀರಿ? ಮೊದಲ ಸಾಲಿನವರ ಮುಂದೆ ಹೇಳಬೇಕಾದ ಕತೆ ತಾನೇ?

ಮೇಷ್ಟ್ರು ತಕ್ಷಣ ಉತ್ತರ ಕೊಡಲಿಲ್ಲ. ಈ ಪ್ರಶ್ನೆಯಲ್ಲೇ ನನ್ನ ಮನಸ್ಸೂ ನಿಂತಿದೆ. ಧರ್ಮ ಏನು ಕಲಿಸುತ್ತದೆ ಎಂದು ಕೇಳುವವರು ಬಹಳ. ಅದನ್ನು ಯಾರನ್ನು ಕೂರಿಸಿಕೊಂಡು ಕಲಿಸಲಾಗುತ್ತಿದೆ ಎಂದು ಕೇಳುವವರು ಕಡಿಮೆ. ಮೇಷ್ಟ್ರು ಮಾತನ್ನು ಬೇರೆ ಕಡೆಯಿಂದ ಎತ್ತಿಕೊಂಡರು.

ಮೇಷ್ಟ್ರು: ಭಯದಲ್ಲಿ ಎರಡು ಬಗೆ ಇದಾವೆ ಅಂತ ಹಿಂದಿನವರೇ ಬಿಡಿಸಿ ಇಟ್ಟಿದ್ದಾರೆ. ಸಂತ ತೋಮಸ್ ಅಕ್ವಿನಾಸ್ ಒಂದನ್ನ ಆಳಿನ ಭಯ ಅಂದ, ಇನ್ನೊಂದನ್ನ ಮಗನ ಭಯ ಅಂದ. ಆಳು ಏಟಿಗೆ ಹೆದರ್ತಾನೆ; ಮಗ ಅಪ್ಪನ ಮನಸ್ಸು ನೋಯುತ್ತಲ್ಲ, ಅವನಿಂದ ದೂರ ಆಗ್ತೀನಲ್ಲ ಅಂತ ಹೆದರ್ತಾನೆ. ಅದಕ್ಕೂ ಎಂಟುನೂರು ವರ್ಷ ಹಿಂದೆ ಸಂತ ಅಗಸ್ಟೀನ್ ಇಬ್ಬರು ಹೆಂಗಸರ ಉದಾಹರಣೆ ಕೊಟ್ಟಿದ್ದ. ಒಬ್ಬಳಿಗೆ ಗಂಡ ಎಲ್ಲಿ ಬಂದುಬಿಡ್ತಾನೋ ಅನ್ನೋ ಭಯ. ಇನ್ನೊಬ್ಬಳಿಗೆ ಗಂಡ ಎಲ್ಲಿ ಬಿಟ್ಟು ಹೋಗ್ತಾನೋ ಅನ್ನೋ ಭಯ. ಮೊದಲನೆಯದನ್ನ ಪ್ರೀತಿ ಹೊರಗೆ ಹಾಕುತ್ತೆ, ಎರಡನೆಯದು ಪ್ರೀತಿಯ ಜೊತೆಗೇ ಉಳಿಯುತ್ತೆ ಅಂತ ಅವನ ವಾದ.

ನರ್ಸ್: ಎರಡರಲ್ಲೂ ಹೆದರೋಳು ಹೆಂಡತಿಯೇ ಅಲ್ವಾ ತಾತ? ಗಂಡ ಹೆದರೋ ಉದಾಹರಣೆ ಅವರಿಗೆ ಯಾಕೆ ಹೊಳೀಲಿಲ್ಲ? ಗಂಡ ಬಿಟ್ಟು ಹೋಗ್ತಾನೆ ಅನ್ನೋ ಭಯದಲ್ಲೇ ಏಟು ತಿಂದುಕೊಂಡು ಬದುಕಿದ ಹೆಂಗಸರು ನಮ್ಮ ಬೀದಿಲೇ ಎಷ್ಟು ಜನ ಇದ್ದರು! ಅವರಿಗೆ ಹೋಗಿ ಇದು ಒಳ್ಳೇ ಭಯ ಕಣಮ್ಮ ಅಂತ ಹೇಳ್ತೀಯಾ?

ಮೇಷ್ಟ್ರು: ಹೇಳಲ್ಲ. ಉದಾಹರಣೆ ಅವರ ಕಾಲದ್ದು, ಅದರ ಕುಂದು ಅದರಲ್ಲೇ ಇದೆ. ಆದರೆ ಅದು ತೋರಿಸೋ ದಿಕ್ಕು ಸುಳ್ಳಲ್ಲ. ಮಾರ್ಕನ ನಾಲ್ಕನೆಯ ಅಧ್ಯಾಯ ನೋಡು. ದೋಣಿ ಮುಳುಗ್ತಿರೋವಾಗ ಶಿಷ್ಯರಿಗೆ ಹೆದರಿಕೆ ಆಯ್ತು, ಅದು ಸಹಜ. ಯೇಸು ಬಿರುಗಾಳಿ ನಿಲ್ಲಿಸಿದ, ಕೆರೆ ತಣ್ಣಗಾಯ್ತು. ಆಗ ಅವರಿಗೆ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ, ಇನ್ನೂ ಹೆಚ್ಚಾಯ್ತು ಅಂತ ಬರೆದಿದೆ. ಜೀವಕ್ಕೆ ಅಪಾಯ ಕಳೆದ ಮೇಲೆ ಬಂದ ಆ ನಡುಕ ಯಾವುದು? ಅದು ಏಟಿನ ಭಯ ಅಲ್ಲ. ಇಷ್ಟು ದಿನ ನಮ್ಮ ಜೊತೆ ಊಟ ಮಾಡಿದವನು ಇಂಥವನಾ ಅನ್ನೋ ನಡುಕ. ಆ ನಡುಕ ಒಂದು ಸಲನೂ ಬರದವರಿಗೆ ದೇವರು ಅಂದ್ರೆ ಬೇಕಾದ್ದನ್ನ ಕೇಳಿ ಪಡೆಯೋ ಅಂಗಡಿ ಆಗ್ತಾನೆ. ಕೆಲಸ ಆದ್ರೆ ಮೇಣದಬತ್ತಿ, ಆಗದಿದ್ರೆ ಮುನಿಸು. ಇವತ್ತು ಪೂಜೆ ನಡೀತಿರೋವಾಗ ಫೋನ್ ನೋಡೋರನ್ನ ಕಂಡ್ರೆ ನನಗೆ ಕೋಪಕ್ಕಿಂತ ಸಂಕಟ ಆಗುತ್ತೆ. ಯಾರ ಮುಂದೆ ನಿಂತಿದ್ದೀವಿ ಅನ್ನೋದೇ ಮರೆತುಹೋಗಿದೆ.

ನರ್ಸ್: ಅದು ಒಪ್ಪಿದೆ. ಆ ಬೆರಗು ನನಗೂ ಗೊತ್ತು. ಹೆರಿಗೆ ವಾರ್ಡಿನಲ್ಲಿ ಮಗು ಮೊದಲ ಉಸಿರು ಎಳೆಯೋ ಹೊತ್ತಿಗೆ ಎಷ್ಟು ವರ್ಷದ ಅನುಭವ ಇದ್ದರೂ ಮೈ ಜುಮ್ ಅನ್ನುತ್ತೆ. ಆದರೆ ತಾತ, ಜನ ದೇವರ ಭಯ ಅಂದಾಗ ಅದನ್ನ ಹೇಳಲ್ಲ. 2021ರ ಮೇ ತಿಂಗಳು ನೆನಪಿದೆಯಾ? ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಹೋದ ರಾತ್ರಿ, 24 ಜನ ಸತ್ತರು ಅಂತ ನಾಡೆಲ್ಲ ಸುದ್ದಿ ಆಯ್ತು. ನಾನಾಗ ಬೇರೆ ಊರಲ್ಲಿ ಕೋವಿಡ್ ವಾರ್ಡಿನಲ್ಲಿದ್ದೆ. ನಮ್ಮವರೇ ಫೋನ್ ಮಾಡಿ, ಇದು ದೇವರ ಶಿಕ್ಷೆ, ಲೋಕದ ಪಾಪ ತುಂಬಿತು, ಈಗಲಾದ್ರೂ ಹೆದರಿ ಅಂತ ಬೋಧನೆ ಮಾಡಿದರು. ನಾನು ಪಿಪಿಇ ಬಿಚ್ಚಿ ಗೋಡೆಗೆ ಒರಗಿ ಅದನ್ನ ಕೇಳಿಸ್ಕಂಡೆ. ಉಸಿರು ಸಿಗದೆ ಸತ್ತೋರು ಏನು ಪಾಪ ಮಾಡಿದ್ದರು?

ಮೇಷ್ಟ್ರು: ಈ ಪ್ರಶ್ನೆಗೆ ಯೇಸುವೇ ಉತ್ತರ ಕೊಟ್ಟಿದ್ದಾನೆ ಕಣವ್ವ. ಜೆರುಸಲೇಮಿನ ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಸತ್ತವರು ಊರಿನ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದ್ಕಂಡ್ರಾ ಅಂತ ಅವನೇ ಜನರನ್ನ ಕೇಳಿ, ಅವನೇ ಖಂಡಿತ ಇಲ್ಲ ಅಂದ. ಲೂಕ, ಹದಿಮೂರು. ನಿನಗೆ ಫೋನ್ ಮಾಡಿದವರು ಆ ಪುಟ ಓದಿಲ್ಲ.

ನರ್ಸ್: ಅಷ್ಟಕ್ಕೇ ನಿಲ್ಲಿಸಿದ್ದರೆ ನನಗೆ ಸಮಾಧಾನ ಇರ್ತಿತ್ತು. ನಿಲ್ಲಿಸಲಿಲ್ಲವಲ್ಲ. ನೀವು ತಿರುಗಿಕೊಳ್ಳದಿದ್ರೆ ನಿಮಗೂ ಹಂಗೇ ನಾಶ ಅಂತಲೂ ಅದೇ ಉಸಿರಿನಲ್ಲಿ ಹೇಳ್ತಾನೆ.

ಮೇಷ್ಟ್ರು: ಹೌದು, ಹೇಳ್ತಾನೆ. ಯಾರಿಗೆ ಹೇಳ್ತಾನೆ ಅನ್ನೋದು ನೋಡು. ಸತ್ತವರಿಗಲ್ಲ, ಅವರ ಮನೆಯವರಿಗಲ್ಲ. ಸತ್ತವರ ಪಾಪ ಲೆಕ್ಕ ಹಾಕ್ತಾ ನಿಂತಿದ್ದ ಬದುಕಿರೋರಿಗೆ. ಬೇರೆಯವರ ಸಾವು ನೋಡಿ ತೀರ್ಪು ಕೊಡಬೇಡ, ನಿನ್ನ ಲೆಕ್ಕ ನೋಡ್ಕೊ ಅಂತ. ಆ ರಾತ್ರಿ ಯಾರು ಹೆದರಬೇಕಾಗಿತ್ತು ಅಂದ್ರೆ, ಸಿಲಿಂಡರ್ ತಲುಪಿಸಬೇಕಾದವರು, ಕಡತ ಇಟ್ಕಂಡು ಕೂತವರು, ಬೆಳಗ್ಗೆ ಎದ್ದು ಸಾವಿನ ಲೆಕ್ಕ ಕಮ್ಮಿ ತೋರಿಸೋಣ ಅಂತ ಯಾರಿಗಾದ್ರೂ ಮನಸ್ಸು ಬಂದಿದ್ರೆ ಅವರು. ಹಾಸಿಗೆ ಮೇಲೆ ಇದ್ದವರಲ್ಲ.

ನರ್ಸ್: ಇದನ್ನ ನೀನು ಪೀಠದಿಂದ ಹೇಳಿದ್ದು ನಾನು ಕೇಳಿಲ್ಲ.

ಮೇಷ್ಟ್ರು: ಪೀಠ ನನ್ನದಲ್ಲ, ಗುರುಗಳದ್ದು. ಹೇಳಬೇಕಾದ ಮಾತು ಹೌದು.

ಕಣದಲ್ಲಿ ಅರಿಶಿನ ತಿರುವಿ ಹಾಕಲು ಆಕೆ ಎದ್ದಳು. ಮೇಷ್ಟ್ರೂ ಜೊತೆಗೆ ಕೈ ಹಾಕಿದರು. ಈ ಜಿಲ್ಲೆಗೇ ಒಂದು ಭಯ ಅಂಟಿಕೊಂಡಿದ್ದು ಈ ನಡುವೆ ಮಾತಿಗೆ ಬಂತು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆ. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ವೀರೇಂದ್ರ ಪಾಟೀಲ ಎಂದು ಜನ ಪಟ್ಟಿ ಹೇಳುತ್ತಿದ್ದರು. 1997ರಲ್ಲಿ ಹೊಸ ಜಿಲ್ಲೆಯ ಉದ್ಘಾಟನೆ ಕೂಡ ಜಿಲ್ಲಾ ಕೇಂದ್ರದಲ್ಲಿ ಆಗದೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಆಯಿತು. 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಬಂದರು. 2013ರ ನಂತರ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದೂ ಐದು ವರ್ಷ ಪೂರೈಸಿದರು.

ಮೇಷ್ಟ್ರು: ನೋಡು, ಅಷ್ಟು ವರ್ಷ ನಮ್ಮ ಊರಿನ ರಸ್ತೆ, ಆಸ್ಪತ್ರೆ, ಕುಡಿಯೋ ನೀರು ನೋಡೋಕೆ ರಾಜ್ಯದ ದೊರೆ ಬರಲಿಲ್ಲ. ಕುರ್ಚಿ ಹೋಗೋ ಭಯ ಇತ್ತು. ಬಡವರ ಜಿಲ್ಲೆಗೆ ಬೆನ್ನು ಹಾಕಿದ್ದಕ್ಕೆ ಮೇಲಿರೋನಿಗೆ ಲೆಕ್ಕ ಒಪ್ಪಿಸಬೇಕಲ್ಲ ಅನ್ನೋ ಭಯ ಇರಲಿಲ್ಲ. ದೇವರಿಗೆ ಅಂಜದೋನು ಏನಕ್ಕೂ ಅಂಜಲ್ಲ ಅಂತ ತಿಳೀಬೇಡ. ಅವನು ನೂರಾ ಎಂಟಕ್ಕೆ ಅಂಜ್ತಾನೆ.

ನರ್ಸ್: ಇದೇ ನಿನ್ನ ಗಟ್ಟಿ ಮಾತು ಇವತ್ತಿಗೆ. ಆದರೆ ಅಷ್ಟೇ ಗಟ್ಟಿಯಾಗಿ ತಿರುಗಿಸಿ ಕೇಳ್ತೀನಿ. ದೇವರಿಗೆ ಅಂಜೋರು ಅಂತ ಹೆಸರು ಪಡೆದೋರು ಏನು ಮಾಡಿದರು? 2002ರಲ್ಲಿ ಅಮೆರಿಕದ ಬಾಸ್ಟನ್ನಿನ ಪತ್ರಿಕೆ ಬಯಲು ಮಾಡಲಿಲ್ವಾ? ಮಕ್ಕಳ ಮೇಲೆ ಅತ್ಯಾಚಾರ ಮಾಡಿದ ಗುರುಗಳನ್ನ ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ಸಾಗಿಸ್ತಾ ಮುಚ್ಚಿಟ್ಟಿದ್ದರು. ಅಲ್ಲಿನ ಕಾರ್ಡಿನಲ್ ಆ ವರ್ಷದ ಕೊನೆಗೆ ರಾಜೀನಾಮೆ ಕೊಡಬೇಕಾಯ್ತು. ಆ ಮಕ್ಕಳು ಯಾಕೆ ಬಾಯಿ ಬಿಡಲಿಲ್ಲ? ಗುರುಗಳ ವಿರುದ್ಧ ಮಾತಾಡಿದ್ರೆ ದೇವರಿಗೆ ವಿರುದ್ಧ ಅಂತ ಕಲಿಸಿದ್ದಕ್ಕೆ. ನಿನ್ನ ಏಳನೇ ವರ ಆ ಮಕ್ಕಳ ಬಾಯಿಗೆ ಬೀಗ ಆಯ್ತು.

ಮೇಷ್ಟ್ರು: ಅದನ್ನ ನಾನು ಸಮರ್ಥಿಸಲ್ಲ. ಸಮರ್ಥಿಸಿದ್ರೆ ನನ್ನ ಪ್ರಾರ್ಥನೆಗೆ ಬೆಲೆ ಇಲ್ಲ. ಆ ಮಕ್ಕಳಿಗೆ ಕಲಿಸಿದ್ದು ದೇವರ ಭಯ ಅಲ್ಲ, ಮನುಷ್ಯರ ಭಯ, ದೇವರ ಹೆಸರಲ್ಲಿ. ಮುಚ್ಚಿಟ್ಟವರಿಗೆ ಇದ್ದದ್ದೂ ಹೆಸರು ಕೆಡುತ್ತೆ ಅನ್ನೋ ಭಯವೇ. ಚಿಕ್ಕವರನ್ನ ದಾರಿ ತಪ್ಪಿಸೋನಿಗೆ ಬೀಸೋಕಲ್ಲು ಕೊರಳಿಗೆ ಕಟ್ಟಿ ಸಮುದ್ರಕ್ಕೆ ಹಾಕೋದೇ ವಾಸಿ ಅಂದನಲ್ಲ ಯೇಸು, ಅವನ ಬಾಯಲ್ಲಿ ಬಂದ ಕಠಿಣ ಮಾತುಗಳಲ್ಲಿ ಅದೊಂದು. ಅದನ್ನ ಮಕ್ಕಳಿಗೆ ಹೇಳಲಿಲ್ಲ ಅವನು, ಮಕ್ಕಳನ್ನ ಎದುರಿಗೆ ನಿಲ್ಲಿಸಿಕೊಂಡು ದೊಡ್ಡವರಿಗೆ ಹೇಳಿದ. ಆ ಮಾತಿಗೆ ನಿಜವಾಗಿ ನಡುಗಿದ್ದರೆ ಒಬ್ಬ ಬಿಷಪ್ ಕೂಡ ಆ ಕಡತ ಮುಚ್ಚುತ್ತಿರಲಿಲ್ಲ. ಭಯ ಹೆಚ್ಚಾಗಿ ಆದ ಅನಾಹುತ ಅಲ್ಲ ಅದು, ಇರಬೇಕಾದಲ್ಲಿ ಇಲ್ಲದೆ ಆದದ್ದು.

ನರ್ಸ್: ಅನಾಹುತ ಆದಾಗೆಲ್ಲ, ಅದು ನಿಜವಾದ ದೈವಭಯ ಅಲ್ಲ ಅಂದುಬಿಟ್ಟರೆ ವಾದ ಸುಲಭ ತಾತ. ಯಾವುದು ನಿಜವಾದದ್ದು ಅಂತ ಗುರುತು ಹೇಳು. ಮಗು ಕೈಗೂ ಸಿಗೋ ಅಂಥ ಗುರುತು.

ಮೇಷ್ಟ್ರು: ಗುರುತು ಧರ್ಮಶಾಸ್ತ್ರದಲ್ಲೇ ಇದೆ. ಯಾಜಕಕಾಂಡ ತೆಗಿ. ಜನ ಅದನ್ನ ಬರೀ ಬಲಿ, ಮಡಿಯ ಪುಸ್ತಕ ಅಂದ್ಕಂಡಿದ್ದಾರೆ. ಅದರ 19 ಮತ್ತು 25ನೇ ಅಧ್ಯಾಯದಲ್ಲಿ ದೇವರಿಗೆ ಭಯಪಡು ಅನ್ನೋ ಮಾತು ಮತ್ತೆ ಮತ್ತೆ ಬರುತ್ತೆ. ಎಲ್ಲೆಲ್ಲಿ ಬರುತ್ತೆ ಹೇಳ್ತೀನಿ ಕೇಳು. ಕಿವುಡನನ್ನ ಶಪಿಸಬೇಡ, ಕುರುಡನ ದಾರಿಗೆ ಅಡ್ಡ ಇಡಬೇಡ ಅನ್ನೋ ಕಡೆ. ಮುದುಕರ ಮುಂದೆ ಎದ್ದು ನಿಲ್ಲು ಅನ್ನೋ ಕಡೆ. ಬಡವನಾದ ಅಣ್ಣತಮ್ಮನಿಂದ ಬಡ್ಡಿ ತಗೋಬೇಡ ಅನ್ನೋ ಕಡೆ. ಮನೆಯಲ್ಲಿ ದುಡಿಯೋನನ್ನ ಕ್ರೂರವಾಗಿ ದುಡಿಸಬೇಡ ಅನ್ನೋ ಕಡೆ. ಕಿವುಡನಿಗೆ ನೀನು ಬೈದದ್ದು ಕೇಳಿಸಲ್ಲ. ಕುರುಡನಿಗೆ ಕಲ್ಲಿಟ್ಟೋರು ಯಾರು ಅಂತ ಕಾಣಲ್ಲ. ಸಾಲಗಾರ ಎದುರು ಮಾತಾಡಂಗಿಲ್ಲ, ಆಳು ಕೋರ್ಟಿಗೆ ಹೋಗಂಗಿಲ್ಲ. ನಿನ್ನನ್ನ ಕೇಳೋರೇ ಇಲ್ಲದ ಜಾಗದಲ್ಲೆಲ್ಲ ದೇವರು ತನ್ನ ಹೆಸರು ನಿಲ್ಲಿಸಿದ್ದಾನೆ. ಧರ್ಮೋಪದೇಶಕಾಂಡದಲ್ಲಿ ಅಮಾಲೇಕ್ಯರ ಮೇಲೆ ಹೊರಿಸಿದ ಅಪರಾಧವೂ ಅದೇ. ನಡೆಯಲಾರದೆ ಹಿಂದೆ ಬಿದ್ದ ದಣಿದವರನ್ನ ಹೊಡೆದರು, ದೇವರಿಗೆ ಅಂಜಲಿಲ್ಲ ಅಂತ.

ನರ್ಸ್: ಬಡ್ಡಿ ಅಂದೆಯಲ್ಲ. 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯಲ್ಲೇ ಮೈಕ್ರೋಫೈನಾನ್ಸ್ ಸಾಲದ ಕಂತು ಕಟ್ಟಲಾರದೆ ಮನೆಗೆ ಬೀಗ ಜಡಿದು ಊರು ಬಿಟ್ಟೋರ ಸುದ್ದಿ ಬಂತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಂತು. ಆ ಹೆಂಗಸರು ಎಷ್ಟು ಹೆದರಿದ್ದರು ಗೊತ್ತಾ? ವಸೂಲಿಗೆ ಬರೋ ಬೈಕಿನ ಸದ್ದಿಗೆ ಮಕ್ಕಳು ಹಿತ್ತಲಿಗೆ ಓಡಿಹೋಗೋವು. ಅವರಿಗೆ ಭಾನುವಾರ ಬಂದು ದೇವರಿಗೂ ಹೆದರಿ ಅಂದ್ರೆ, ಇನ್ನೊಬ್ಬ ವಸೂಲಿಗಾರ ಬಂದ ಅಂತಲೇ ಅವರಿಗೆ ಅನ್ಸೋದು.

ಮೇಷ್ಟ್ರು: ಅವರಿಗೆ ಹೇಳಬೇಕಾದ್ದೇ ಬೇರೆ. ಲೂಕ ಹನ್ನೆರಡರಲ್ಲಿ ಯೇಸು ಮೊದಲು ಯಾರಿಗೆ ಹೆದರಬೇಕು ಅಂತ ಖಡಕ್ಕಾಗಿ ಹೇಳ್ತಾನೆ. ಮರುಕ್ಷಣವೇ ಗುಬ್ಬಚ್ಚಿಗಳ ಮಾತು ತೆಗೆದು, ಹೆದರಬೇಡಿ, ನಿಮ್ಮ ತಲೆಗೂದಲೂ ಎಣಿಕೆಯಾಗಿದೆ ಅಂತಾನೆ. ಒಂದು ಭಯ ಸರಿಯಾದ ಕಡೆ ಕೂತರೆ ಉಳಿದ ಭಯ ಎಲ್ಲ ಜಾಗ ಖಾಲಿ ಮಾಡ್ತಾವೆ. ನೀನು ನರ್ಸ್, ನಿನಗೆ ಶಿಫ್ರಾ, ಪೂಗಾ ಗೊತ್ತಿರಬೇಕು. ಈಜಿಪ್ಟಿನ ಇಬ್ಬರು ಸೂಲಗಿತ್ತಿಯರು. ಹುಟ್ಟೋ ಗಂಡು ಮಕ್ಕಳನ್ನ ಕೊಲ್ಲಿ ಅಂತ ಫರೋಹನ ಅಪ್ಪಣೆ. ಅವರು ದೇವರಿಗೆ ಅಂಜಿದರು, ಅದಕ್ಕೇ ಮಕ್ಕಳನ್ನ ಉಳಿಸಿದರು ಅಂತ ವಿಮೋಚನಾಕಾಂಡದ ಮೊದಲ ಅಧ್ಯಾಯದಲ್ಲೇ ಇದೆ. ಆ ಕಾಲದ ದೊಡ್ಡ ದೊರೆಯ ಅಪ್ಪಣೆಯನ್ನ ಇಬ್ಬರು ಹೆಂಗಸರು ತಳ್ಳಿಹಾಕಿದರು. ಅವರ ಭಯ ಅವರ ಬಾಯಿಗೆ ಬೀಗ ಹಾಕಲಿಲ್ಲ. ಧೈರ್ಯ ಕೊಡ್ತು.

ನರ್ಸ್: ಶಿಫ್ರಾ, ಪೂಗಾ... ಇಷ್ಟು ವರ್ಷ ಧರ್ಮೋಪದೇಶಕ್ಕೆ ಬಂದೆ, ಅವರ ಹೆಸರು ಒಂದು ಸಲನೂ ಕೇಳಿರಲಿಲ್ಲ. ಅನನೀಯ ಮಾತ್ರ ವರ್ಷಕ್ಕೊಂದು ಸಲ ತಪ್ಪದೆ ಸಾಯ್ತಿದ್ದ.

ಮೇಷ್ಟ್ರು: ಪೋಪ್ ಫ್ರಾನ್ಸಿಸ್ 2014ರ ಜೂನಿನಲ್ಲಿ ಏಳು ವರಗಳ ಮೇಲೆ ಮಾಡಿದ ಉಪದೇಶಮಾಲೆಯನ್ನ ಈ ವರದಿಂದಲೇ ಮುಗಿಸಿದರು. ದೇವರಿಗೆ ದಿಗಿಲುಬೀಳೋದು ಅಂತ ಇದರ ಅರ್ಥ ಅಲ್ಲ, ನಾವೆಷ್ಟು ಸಣ್ಣವರು ಅಂತ ನೆನಪು ಮಾಡೋ ವರ ಅಂದರು. ಅಷ್ಟಕ್ಕೇ ಬಿಡಲಿಲ್ಲ. ಲಂಚ ತಿನ್ನೋರು, ಮನುಷ್ಯರನ್ನ ಮಾರೋರು, ಜೀತಕ್ಕೆ ಇಟ್ಕಳೋರು, ಕೊಲ್ಲೋ ಆಯುಧ ಮಾಡೋರು, ಇವರಿಗೆ ಇದು ಎಚ್ಚರಿಕೆಯ ಗಂಟೆ ಅಂದರು. ಅವರೂ ಹೊಸದೇನೂ ಹೇಳಲಿಲ್ಲ. ಮಲಾಕಿಯ ಪ್ರವಾದಿ ಕೂಲಿಯವನ ಕೂಲಿ ಹಿಡಿಯೋರನ್ನ, ವಿಧವೆ, ತಬ್ಬಲಿಗಳನ್ನ ತುಳಿಯೋರನ್ನ ದೇವರಿಗೆ ಅಂಜದವರ ಪಟ್ಟಿಯಲ್ಲೇ ಸೇರಿಸಿದ್ದ.

ನರ್ಸ್: ಸರಿ. ಬಲ ಇರೋರು ಅಂಜಲಿ, ಬಲ ಇಲ್ಲದೋರಿಗೆ ಅಂಜಬೇಡ ಅಂತ ಹೇಳಿ. ಇಷ್ಟಕ್ಕೆ ನಾನು ಒಪ್ತೀನಿ.

ಮೇಷ್ಟ್ರು: ಅಷ್ಟು ಸುಲಭಕ್ಕೆ ನಾನು ಒಪ್ಪಲ್ಲ. ಬಲ ಯಾರಿಗಿಲ್ಲ? ಸಾಲ ಕಟ್ಟಲಾರದ ಹೆಂಗಸು ಮನೆಗೆ ಬಂದ ಸೊಸೆಗೆ ದೊರೆ. ಕೂಲಿ ಮಾಡೋನು ತನ್ನ ಎಮ್ಮೆಗೆ, ತನ್ನ ಮಗನಿಗೆ ದೊರೆ. ನಿನ್ನ ಪೆಪ್ಪರ್‌ಮೆಂಟಿನ ಹುಡುಗಿಗೂ ತಮ್ಮನ ಮೇಲೆ ಕೈ ಎತ್ತೋ ಅಧಿಕಾರ ಇರ್ತದೆ. ಎಲ್ಲರ ಕೈಕೆಳಗೂ ಒಬ್ಬ ಇರ್ತಾನೆ. ಅದಕ್ಕೇ ಎಲ್ಲರಿಗೂ ಈ ವರ ಬೇಕು ಅಂತೀನಿ. ಸಭೆ ಇದನ್ನ ಮನುಷ್ಯನ ದೌರ್ಬಲ್ಯ ನೋಡಿಯೇ ಅಳೆದಿದೆ. 1551ರಲ್ಲಿ ಟ್ರೆಂಟ್ ಮಹಾಸಭೆ ಪಶ್ಚಾತ್ತಾಪದ ಬಗ್ಗೆ ತೀರ್ಮಾನ ಹೇಳುವಾಗ, ನರಕದ ಭಯದಿಂದ ಹುಟ್ಟಿದ ಪಶ್ಚಾತ್ತಾಪ ಅಪೂರ್ಣ, ಆದರೂ ಅದು ದೇವರ ಕೊಡುಗೆಯೇ ಅಂತು. ಅದನ್ನೂ ಹೊರಗೆ ಹಾಕಲಿಲ್ಲ. ಕೆಲವರಿಗೆ ಬಾಗಿಲು ಅಲ್ಲಿಂದಲೇ ತೆರೆಯುತ್ತೆ.

ನರ್ಸ್: ಕೆಲವರಿಗೆ ಅಲ್ಲೇ ಮುಚ್ಚಿಹೋಗುತ್ತೆ. ಭಯದಲ್ಲಿ ಬೆಳೆದ ರೋಗಿ ಗಾಯ ತೋರಿಸೋಕೇ ಬರಲ್ಲ ತಾತ. ಬಂದಾಗ ಕಾಲು ಕೊಳೆತಿರುತ್ತೆ. ಯೊವಾನ್ನನ ಮೊದಲ ಪತ್ರದಲ್ಲಿ ಪರಿಪೂರ್ಣ ಪ್ರೀತಿ ಇರೋ ಕಡೆ ಭಯಕ್ಕೆ ಜಾಗ ಇಲ್ಲ ಅಂತ ಇದೆಯಲ್ಲ, ನೀನು ಅದನ್ನ ಕೊನೆ ಮೆಟ್ಟಿಲು ಅಂತೀಯ. ನಾನು ಮೊದಲ ಮೆಟ್ಟಿಲು ಅಂತೀನಿ. ಪ್ರೀತಿ ಸಿಕ್ಕಿದೋನು ಮಾತ್ರ ಗಾಯ ತೋರಿಸ್ತಾನೆ.

ಮೇಷ್ಟ್ರು: ಪರಿಪೂರ್ಣ ಅನ್ನೋ ಷರತ್ತೂ ಅದೇ ಸಾಲಲ್ಲಿ ಇದೆ ಕೂಸೇ. ನನ್ನ ಪ್ರೀತಿ ಪರಿಪೂರ್ಣ ಆಗಿಲ್ಲ. ನಿನ್ನದಾಗಿದೆಯಾ? ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರ್ತೀಯ. ಡಾಕ್ಟರ್ ಇಲ್ಲ, ಮೇಟ್ರನ್ ಇಲ್ಲ, ರೋಗಿಗೆ ಪ್ರಜ್ಞೆ ಇಲ್ಲ. ಇಂಜೆಕ್ಷನ್ ತುಂಬಿ ಕೊಡೋ ಮುಂಚೆ ಚೀಟಿ ಇನ್ನೊಂದು ಸಲ ಓದ್ತೀಯಲ್ಲ, ಯಾರ ಭಯಕ್ಕೆ?

ನರ್ಸ್: ಭಯಕ್ಕಲ್ಲ. ಅವರ ಜೀವ ನನ್ನ ಕೈಲಿದೆ ಅಂತ. ಜೊತೆಗೆ ಕೆಲಸ ಮಾಡೋ ಹುಡುಗಿ ದೇವರನ್ನೇ ನಂಬಲ್ಲ. ಅವಳೂ ಎರಡು ಸಲ ಓದ್ತಾಳೆ. ಒಂದೊಂದು ಸಲ ನನಗಿಂತ ಚೆನ್ನಾಗಿ ನೋಡ್ಕತಾಳೆ.

ಮೇಷ್ಟ್ರು: ಇರಬಹುದು. ಅಬ್ರಹಾಮನೂ ಇಲ್ಲೇ ಎಡವಿದ್ದ. ಗೆರಾರಿಗೆ ಹೋದಾಗ, ಈ ಊರಲ್ಲಿ ದೇವರ ಭಯ ಇರಲಿಕ್ಕಿಲ್ಲ, ಹೆಂಡತಿಗೋಸ್ಕರ ನನ್ನನ್ನ ಕೊಂದಾರು ಅಂದ್ಕಂಡು ಅವಳನ್ನ ತಂಗಿ ಅಂದ. ಕೊನೆಗೆ ನೋಡಿದ್ರೆ ನೆಟ್ಟಗೆ ನಡೆದುಕೊಂಡೋನು ಅಲ್ಲಿನ ಅರಸ ಅಬೀಮೆಲೆಕ, ಸುಳ್ಳು ಹೇಳಿದೋನು ನಮ್ಮ ವಿಶ್ವಾಸಿಗಳ ಮೂಲಪುರುಷ. ಅಕ್ಕಪಕ್ಕದವರಲ್ಲಿ ದೈವಭಯ ಇಲ್ಲ ಅಂತ ತೀರ್ಮಾನ ಮಾಡೋ ಹಕ್ಕು ನಮಗಿಲ್ಲ. ಈ ಊರಲ್ಲಿ ಅನ್ಯಾಯದ ದುಡ್ಡು ಮನೆಗೆ ತರಬಾರದು ಅಂತ ನಾನು ಕಲಿತದ್ದು ದೇವಾಲಯದಲ್ಲಿ ಎಷ್ಟೋ, ಮಾದಪ್ಪನ ಪರಿಷೆಗೆ ನಡೆದುಕೊಂಡು ಹೋಗೋ ಅಕ್ಕಪಕ್ಕದ ಮನೆಯವರಿಂದಲೂ ಅಷ್ಟೇ. ನಿನ್ನ ಗೆಳತಿಯ ಎಚ್ಚರಕ್ಕೆ ಅವಳು ಬೇರೆ ಹೆಸರಿಟ್ಟುಕೊಂಡಿರಬಹುದು.

ನರ್ಸ್: ಅವಳ ಒಳ್ಳೇತನಕ್ಕೆ ನೀನು ನಿನ್ನ ಹೆಸರು ಅಂಟಿಸ್ತಾ ಇದ್ದೀಯ. ಅವಳು ಕೇಳಿದ್ರೆ ಒಪ್ಪಲ್ಲ.

ಮೇಷ್ಟ್ರು: ಒಪ್ಪದೇ ಇರಲಿ. ಒಪ್ಪಲಿ ಅಂತ ನಾನು ಹೇಳ್ತಾ ಇಲ್ಲ. ನನ್ನ ಮಟ್ಟಿಗೆ, ಒಬ್ಬನೇ ಇರೋವಾಗ ನನ್ನನ್ನ ತಡೆದದ್ದು ಕರುಣೆ ಒಂದೇ ಅಲ್ಲ. ಕರುಣೆ ದಣಿಯುತ್ತೆ ಕಣವ್ವ. ಶಾಲೆಯಲ್ಲಿ ದಿನದ ಕೊನೇ ಗಂಟೆಗೆ, ಬಡವರ ಮನೆಯ ಮೂಗು ಸೋರೋ ಹುಡುಗ ಪಾಠ ಅರ್ಥವಾಗದೆ ಮತ್ತೆ ಮತ್ತೆ ಕೇಳಿದಾಗ ಕೈಗೆ ಬೆತ್ತ ಬಂದಿರ್ತದೆ. ಕೇಳೋರು ಯಾರೂ ಇಲ್ಲ, ಅವನ ಅಪ್ಪನೇ ನಾಲ್ಕು ಬಿಡಿ ಮೇಷ್ಟ್ರೇ ಅಂದಿರ್ತಾನೆ. ಆ ಹೊತ್ತಿಗೆ ಕರುಣೆ ಉಳಿದಿರಲ್ಲ. ಈ ಹುಡುಗನ್ನ ಮಾಡಿದೋನು ನೋಡ್ತಾ ಇದ್ದಾನೆ ಅನ್ನೋದು ಮಾತ್ರ ಉಳಿದಿರುತ್ತೆ. ಬೆತ್ತ ಕೆಳಗಿಳಿಯೋದು ಅದರಿಂದಲೇ.

ಇಲ್ಲಿ ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕರುಣೆ ದಣಿಯುತ್ತದೆ ಎಂಬುದು ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಆಕೆಯ ಮೊದಲ ಪ್ರಶ್ನೆ ಕರಗಿತು ಎಂದು ನಾನು ಬರೆಯಲಾರೆ. ಬೆತ್ತ ಹಿಡಿದವನ ಕೈಯನ್ನು ತಡೆದ ಭಯವೂ, ಬೆತ್ತದ ಮುಂದೆ ನಿಂತ ಹುಡುಗನಿಗೆ ಕಲಿಸುವ ಭಯವೂ ಒಂದೇ ಪಾಠಪುಸ್ತಕದಲ್ಲಿ ಒಂದೇ ಶೀರ್ಷಿಕೆಯ ಕೆಳಗೆ ಕೂತಿರುವವರೆಗೆ ಆ ಪ್ರಶ್ನೆಗೆ ಬಲ ಇದ್ದೇ ಇರುತ್ತದೆ.

ನರ್ಸ್: ಈ ಭಾನುವಾರ ದೃಢೀಕರಣದ ಮಕ್ಕಳಿಗೆ ಏಳನೇ ವರದ ಪಾಠ ಅಂದಿದ್ದೆಯಲ್ಲ. ಏನು ಹೇಳ್ತೀಯ?

ಮೇಷ್ಟ್ರು: ಸೂಲಗಿತ್ತಿಯರ ಕತೆ. ಆಮೇಲೆ ಕಿವುಡ, ಕುರುಡರದ್ದು. ನಿಮ್ಮ ಕ್ಲಾಸಲ್ಲಿ ಎದುರು ಮಾತಾಡಲಾರದ ಮಗು ಯಾವುದು ಅಂತ ಅವರನ್ನೇ ಕೇಳ್ತೀನಿ.

ನರ್ಸ್: ಅನನೀಯನ್ನ ಬಿಟ್ಟುಬಿಡ್ತೀಯಾ ಹಂಗಿದ್ರೆ?

ಮೇಷ್ಟ್ರು: ಬಿಡಲ್ಲ. ಬೈಬಲಿನಲ್ಲಿ ಇರೋದನ್ನ ನನಗೆ ಇಷ್ಟ ಇಲ್ಲ ಅಂತ ಹರಿದುಹಾಕೋಕೆ ಆಗಲ್ಲ. ಮಕ್ಕಳ ಮುಂದೆ ಬೇಡ, ಅದು ನೀನು ಹೇಳಿದ್ದು ಸರಿ. ದೇವಾಲಯದ ಹಬ್ಬದ ಲೆಕ್ಕಪತ್ರ ಒಪ್ಪಿಸೋ ದಿನ ದೊಡ್ಡವರೆಲ್ಲ ಸೇರ್ತಾರಲ್ಲ, ಅವತ್ತು ಪ್ರಾರ್ಥನೆಗೆ ಆ ಅಧ್ಯಾಯವನ್ನೇ ಓದ್ತೀನಿ.

ನರ್ಸ್: ಓದು. ನಾನೂ ಬಂದು ಕೂತ್ಕತೀನಿ. ಆದರೆ ಎಂಟು ವರ್ಷಕ್ಕೆ ಹೆದರಿದ ಮಗು ಮೂವತ್ತಕ್ಕೂ ದೇವರ ಹತ್ತಿರ ಗಾಯ ಮುಚ್ಚಿಟ್ಕಂಡೇ ಬರುತ್ತಲ್ಲ, ಅದಕ್ಕೆ ನೀನು ಇನ್ನೂ ಉತ್ತರ ಕೊಟ್ಟಿಲ್ಲ.

ಮೇಷ್ಟ್ರು: ಕೊಟ್ಟಿಲ್ಲ. ಯಾರಿಗೂ ಯಾವುದಕ್ಕೂ ಅಂಜದೆ ಬೆಳೆದ ಮಗು ನಾಳೆ ಸಾಲ ವಸೂಲಿಯ ಬೈಕು ಹತ್ತಿದಾಗ ಅವನನ್ನ ಆ ಮನೆ ಬಾಗಿಲಲ್ಲಿ ತಡೆಯೋದು ಏನು ಅಂತ ನೀನೂ ಹೇಳಿಲ್ಲ.